ಬಿಟ್ಟುಹೋದ ಪದವನ್ನು ಸೇರಿಸಿದವರು



ವಿಜಯವಾಡದ ಗವರ್ನರ್‌ಪೇಟೆಯಲ್ಲಿ, ಬೆಸೆಂಟ್ ರಸ್ತೆಯ ಅಂಗಡಿಗಳ ಗದ್ದಲದಿಂದ ಎರಡು ತಿರುವು ಒಳಗೆ, ಮೊದಲ ಮಹಡಿಯ ಒಂದು ಕೋಣೆ ಈ ಪತ್ರಿಕೆಯ ಕಾರ್ಯಾಲಯ. ಅಲ್ಲಿರುವುದು ಎರಡೇ ಮೇಜು. ಒಂದು ನನ್ನದು. ಕಿಟಕಿಯ ಬದಿಯ ಇನ್ನೊಂದು ಮೇಜು ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರದು. ಈ ಪತ್ರಿಕೆಯಲ್ಲಿ ನೀವು ಇದುವರೆಗೆ ಓದಿದ ಪ್ರತಿಯೊಂದು ಸಾಲನ್ನೂ ಪ್ರಕಟಣೆಗೆ ಮೊದಲು ಓದಿ ತಿದ್ದಿದವರು ಅವರು. ಕಳೆದ ನಾಲ್ಕು ತಿಂಗಳುಗಳಿಂದ ಅವರು ತೀವ್ರ ಅಸ್ವಸ್ಥರಾಗಿದ್ದಾರೆ. ಬಂದಿರುವುದು ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್. ಅಸ್ಥಿಮಜ್ಜೆಯಲ್ಲಿ ಒಂದು ಬಗೆಯ ಕಣಗಳು ಅಂಕೆ ಮೀರಿ ಬೆಳೆದು ಎಲುಬನ್ನು ಸವೆಸುತ್ತವೆ, ರಕ್ತವನ್ನು ಕುಂದಿಸುತ್ತವೆ, ಮೂತ್ರಪಿಂಡಕ್ಕೂ ಹಾನಿ ಮಾಡುತ್ತವೆ. ಬೆನ್ನುನೋವನ್ನು ಅವರು ವರ್ಷವಿಡೀ ಕುರ್ಚಿಯ ದೋಷವೆಂದು ಭಾವಿಸಿದ್ದರು. ನಾವು ಕುರ್ಚಿಯನ್ನೂ ಬದಲಾಯಿಸಿದ್ದೆವು.

ಅವರ ಕುರಿತು ಸಂಪಾದಕೀಯ ಬರೆಯುವೆನೆಂದಾಗ ಅವರು ಎರಡು ಷರತ್ತುಗಳನ್ನು ವಿಧಿಸಿದರು: ಹೆಸರನ್ನು ಬರೆಯಕೂಡದು, ತೀರಿಹೋದವರ ಕುರಿತು ಬರೆದಂತೆ ಬರೆಯಕೂಡದು. ಮೊದಲನೆಯದು ಅವರ ಸ್ವಭಾವ. ಎರಡನೆಯದು ನಮಗೆಲ್ಲರಿಗೂ ಸಲ್ಲುವ ಪಾಠ. ಗುಣಗ್ರಹಣವನ್ನು ಶ್ರದ್ಧಾಂಜಲಿ ಸಭೆಗೆ ಮೀಸಲಿಡುವ ರೂಢಿ ನಮ್ಮ ಸಮಾಜದಲ್ಲಿ ಬೇರೂರಿದೆ. ಕಿವಿ ಕೇಳುವಾಗ ಆಡದ ಒಳ್ಳೆಯ ಮಾತನ್ನು ಭಾವಚಿತ್ರದ ಮುಂದೆ ಆಡುತ್ತೇವೆ. ಈ ಬರಹ ಅವರು ಓದಲೆಂದೇ ಬರೆದದ್ದು. ನೀವು ಅದನ್ನು ಅವರ ಭುಜದ ಮೇಲಿಂದ ಓದುತ್ತಿದ್ದೀರಿ ಎಂದು ತಿಳಿಯಿರಿ.

ಬೆಳಗಾವಿ ಸೀಮೆಯ ರೈತ ಕುಟುಂಬದಿಂದ ಬಂದ ಅವರು ರೈಲ್ವೆಯ ಲೆಕ್ಕಪತ್ರ ವಿಭಾಗದಲ್ಲಿ ಸೇವೆ ಸಲ್ಲಿಸಿ ಈ ಊರಿನಲ್ಲಿಯೇ ನಿವೃತ್ತರಾದರು. ನಾನು ಅವರನ್ನು ಕಂಡಾಗ ಈ ಪತ್ರಿಕೆ ಎಂಟು ಪುಟಗಳ ಮುದ್ರಿತ ಹಾಳೆಯಾಗಿತ್ತು. ಹೈದರಾಬಾದು, ಸೊಲ್ಲಾಪುರ, ಮುಂಬಯಿ, ಚೆನ್ನೈಗಳಲ್ಲಿದ್ದ ಕನ್ನಡ ಜೈನ ಮನೆಗಳಿಗೆ ಅಂಚೆಯಲ್ಲಿ ಹೋಗುತ್ತಿತ್ತು. ಮೊದಲ ಭೇಟಿಯಲ್ಲಿಯೇ ಅವರು ಹಳೆಯ ಸಂಚಿಕೆಯೊಂದನ್ನು ನನ್ನ ಮುಂದೆ ಹರಡಿದರು. ಅದರಲ್ಲಿ ಕೆಂಪು ಶಾಯಿಯ ನಲವತ್ತೊಂದು ಗುರುತುಗಳಿದ್ದವು. "ತಮ್ಮಾ, ವಿಚಾರ ಚಲೋ ಅದ. ಅಕ್ಷರ ಸರಿಯಿಲ್ಲ" ಎಂದರು. ಅಂದಿನಿಂದ ಇಂದಿನವರೆಗೆ, ಇಪ್ಪತ್ತಮೂರು ವರ್ಷ, ಸಂಬಳವಿಲ್ಲದ ಕೆಲಸ.

ಅವರು ತಿದ್ದುವುದು ಕಾಗುಣಿತವನ್ನಷ್ಟೇ ಎಂದು ಹೊಸಬರು ಭಾವಿಸುತ್ತಾರೆ. ಮಹಿಳೆಯರಿಗೆ ಅಭಿಷೇಕದ ಅವಕಾಶ ಕುರಿತು ನಾನು ಬರೆದ ಲೇಖನವೊಂದರಲ್ಲಿ "ಸಮಾಜದ ಹಿರಿಯರೆಲ್ಲರೂ ಇದನ್ನು ಒಪ್ಪುತ್ತಾರೆ" ಎಂಬ ವಾಕ್ಯವಿತ್ತು. "ಎಷ್ಟು ಹಿರಿಯರನ್ನು ಕೇಳಿದಿರಿ?" ಎಂದು ವಿಚಾರಿಸಿದರು. "ಏಳು ಜನ" ಎಂದೆ. ವಾಕ್ಯ ಹೀಗಾಯಿತು: "ನಾವು ಮಾತನಾಡಿಸಿದ ಏಳು ಹಿರಿಯರು ಇದನ್ನು ಒಪ್ಪುತ್ತಾರೆ." ನನಗೆ ಅಂದು ಸಿಟ್ಟು ಬಂದಿತ್ತು. ಆದರೆ ಆ ಲೇಖನವನ್ನು ವಿರೋಧಿಸಿ ಬಂದ ಪತ್ರಗಳಲ್ಲಿ ಒಂದೂ ನಮ್ಮನ್ನು ಸುಳ್ಳುಗಾರರೆಂದು ಕರೆಯಲಿಲ್ಲ. ಸುಧಾರಣೆಯ ಮಾತನ್ನಾಡುವವರಿಗೆ ಶತ್ರುಗಳು ಸಾಕಷ್ಟಿರುತ್ತಾರೆ. ಉತ್ಪ್ರೇಕ್ಷೆಯಿಂದ ಅವರಿಗೆ ಆಯುಧ ಒದಗಿಸಬಾರದು ಎಂಬುದು ಅವರ ನಿಲುವು.

ಈ ಆಂಧ್ರನೆಲದಲ್ಲಿ ನಾವು ಪರಕೀಯರೆಂಬ ಭಾವವನ್ನು ನನ್ನಿಂದ ಕಳೆದವರೂ ಅವರೇ. ಏಳನೆಯ ಶತಮಾನದಲ್ಲಿ ಕುಬ್ಜ ವಿಷ್ಣುವರ್ಧನನ ರಾಣಿ ಅಯ್ಯಣ ಮಹಾದೇವಿ ಬಿಜವಾಡದ ನಡುಂಬಿ ಬಸದಿಗೆ ದತ್ತಿ ನೀಡಿದಳೆಂದು ತಾಮ್ರಶಾಸನ ಹೇಳುತ್ತದೆ. ಆ ಬಿಜವಾಡವೇ ಇಂದಿನ ವಿಜಯವಾಡ. ದಾನವನ್ನು ಪಡೆದವರು ಕಲಿಭದ್ರಾಚಾರ್ಯರು. ಬಸದಿ ಇಂದು ಉಳಿದಿಲ್ಲ. ಒಮ್ಮೆ ಅವರು ನನ್ನನ್ನು ವಿಜಯನಗರಂ ಬಳಿಯ ರಾಮತೀರ್ಥಕ್ಕೆ ಕರೆದೊಯ್ದರು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಆಳಿದ ಪೂರ್ವ ಚಾಲುಕ್ಯ ವಿಮಲಾದಿತ್ಯನ ಕಾಲದ ಶಾಸನವೊಂದು ಅಲ್ಲಿನ ಗುಹೆಯಲ್ಲಿದೆ. ರಾಜನ ಗುರುಗಳಾದ ತ್ರಿಕಾಲಯೋಗಿ ಸಿದ್ಧಾಂತದೇವರು ಆ ಬೆಟ್ಟಕ್ಕೆ ವಂದಿಸಿದ ವಿಷಯ ಅದರಲ್ಲಿದೆ. ಅದರ ಭಾಷೆ ಕನ್ನಡ. ವಿಶಾಖಪಟ್ಟಣದ ಆಚೆಯ ಬೆಟ್ಟದಲ್ಲಿ ಸಾವಿರ ವರ್ಷದ ಕನ್ನಡ ಅಕ್ಷರಗಳ ಎದುರು ಅವರು ಬಹಳ ಹೊತ್ತು ಸುಮ್ಮನೆ ನಿಂತಿದ್ದರು. ಆಂಧ್ರದ ಜೈನ ಶಾಸನಗಳನ್ನು ಸಾಮಾನ್ಯ ಓದುಗರಿಗಾಗಿ ಸರಳ ಕನ್ನಡದಲ್ಲಿ ವಿವರಿಸುವ ಕೆಲಸವನ್ನು ಆ ಪ್ರಯಾಣದ ನಂತರ ಆರಂಭಿಸಿದರು. ಒಂಬತ್ತು ನೋಟುಪುಸ್ತಕಗಳು ತುಂಬಿವೆ. ಕೆಲಸ ಅರ್ಧ ಆಗಿದೆ.

೨೦೨೪ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬುಡಮೇರು ಉಕ್ಕಿ ಸಿಂಗ್ ನಗರದ ಮನೆಗಳು ನೀರಿನಲ್ಲಿ ನಿಂತಾಗ ನಮ್ಮಲ್ಲಿ ಹಲವರು ಊಟದ ಪೊಟ್ಟಣಗಳನ್ನು ಹೊತ್ತೆವು. ಅವರು ಒಂದು ಪುಸ್ತಕ ಮತ್ತು ಪೆನ್ನು ಹಿಡಿದು ಹೊರಟರು. ಯಾರ ಮನೆಯಲ್ಲಿ ಇನ್ಸುಲಿನ್ ಮುಗಿದಿದೆ, ಯಾರಿಗೆ ರಕ್ತದೊತ್ತಡದ ಮಾತ್ರೆ ಬೇಕು ಎಂದು ದೋಣಿಯವರಿಂದ ಕೇಳಿ ಬರೆದುಕೊಂಡು ಸಂಜೆಯೊಳಗೆ ತಲುಪಿಸಿದರು. ಹಸಿವು ಎಲ್ಲರಿಗೂ ಕಾಣುತ್ತದೆ, ಮುಗಿದ ಔಷಧ ಯಾರಿಗೂ ಕಾಣುವುದಿಲ್ಲ ಎಂದು ಅಂದು ಹೇಳಿದ್ದರು. ಇಂದು ಆ ಮಾತನ್ನು ಅವರ ಮನೆಯಲ್ಲಿ ಕುಳಿತು ನೆನೆಯಬೇಕಾಗಿ ಬಂದಿದೆ.

ಈಗ ನಾನು ಹೇಳಬೇಕಾದ ಮುಖ್ಯ ವಿಷಯಕ್ಕೆ ಬರುತ್ತೇನೆ.

೨೦೧೫ರ ಆಗಸ್ಟ್ ೧೦ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಂಥಾರಾ, ಅಂದರೆ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮಾನವೆಂದು ತೀರ್ಪಿತ್ತದ್ದು ನಿಮಗೆ ನೆನಪಿರಬಹುದು. ಆಗಸ್ಟ್ ೨೪ರಂದು ದೇಶದಾದ್ಯಂತ ಜೈನರು ಬೀದಿಗಿಳಿದರು. ೩೧ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಆ ದಿನಗಳಲ್ಲಿ ನಾನು ಕಾವೇರಿದ ಸಂಪಾದಕೀಯವೊಂದನ್ನು ಬರೆದೆ. ಸಲ್ಲೇಖನವೆಂದರೆ ವೃದ್ಧಾಪ್ಯ, ರೋಗ, ದುರ್ಭಿಕ್ಷ, ಉಪಸರ್ಗಗಳು ಒದಗಿದಾಗ ಧರ್ಮಕ್ಕಾಗಿ ದೇಹವನ್ನು ಬಿಡುವುದು ಎಂದು ವಿವರಿಸಿದ್ದೆ. ಕರಡು ಹಿಂತಿರುಗಿದಾಗ ಅಂಚಿನಲ್ಲಿ ಒಂದೇ ಒಂದು ಸೇರ್ಪಡೆ ಇತ್ತು: "ನಿಷ್ಪ್ರತೀಕಾರ."

"ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಪದವನ್ನು ಇಟ್ಟಿದ್ದಾರೆ. ನೀವು ಬಿಟ್ಟಿದ್ದೀರಿ" ಎಂದರು. ಪರಿಹಾರವೇ ಇಲ್ಲದ ರೋಗ, ಪರಿಹಾರವೇ ಇಲ್ಲದ ಮುಪ್ಪು. ಆ ಒಂದು ಪದ ಇಲ್ಲದಿದ್ದರೆ ಯಾವ ರೋಗಿಯನ್ನಾದರೂ ಸಾವಿನತ್ತ ದೂಡಲು ಅವಕಾಶವಾಗುತ್ತದೆ. ಆಗ ನ್ಯಾಯಾಲಯದ ಶಂಕೆಗೆ ನಾವೇ ಸಾಕ್ಷ್ಯ ಒದಗಿಸಿದಂತಾಗುತ್ತದೆ ಎಂದು ಅವರು ವಾದಿಸಿದರು. ಪದ ಸೇರಿತು. ಸಂಪಾದಕೀಯದ ಕಾವು ತಗ್ಗಿತು, ತೂಕ ಹೆಚ್ಚಿತು.

ಅದೇ ಪದವನ್ನು ಈ ವರ್ಷ ಅವರಿಗೆ ನೆನಪಿಸಬೇಕಾದ ಪ್ರಸಂಗ ಬಂದಿತು.

ರೋಗದ ಸುದ್ದಿ ಹರಡಿದ ವಾರದಲ್ಲಿಯೇ ಅವರ ಮನೆಗೆ ದೂರವಾಣಿ ಕರೆಗಳು ಬರತೊಡಗಿದವು. ಕೆಲವರು ಪೂರ್ವಕರ್ಮದ ಮಾತನ್ನಾಡಿದರು. ಕೆಲವರು, ಪ್ರೀತಿಯಿಂದಲೇ, "ನೀವು ಶಾಸ್ತ್ರ ಬಲ್ಲವರು, ಸಮಾಧಿಮರಣದ ಭಾಗ್ಯ ಎಲ್ಲರಿಗೂ ಬಾರದು" ಎಂದರು. ಚಿಕಿತ್ಸೆ ಇನ್ನೂ ಆರಂಭವಾಗಿರಲಿಲ್ಲ! ವೈದ್ಯರು ಹೇಳಿದ್ದು ಸ್ಪಷ್ಟವಾಗಿತ್ತು: ರೋಗವನ್ನು ಬೇರುಸಹಿತ ಕೀಳುವುದು ಕಷ್ಟ, ಆದರೆ ಹತೋಟಿಯಲ್ಲಿಟ್ಟು ವರ್ಷಗಳ ಕಾಲ ಬಾಳುವವರು ಇಂದು ಅನೇಕರಿದ್ದಾರೆ. ವಾರಕ್ಕೊಂದು ಚುಚ್ಚುಮದ್ದು, ವಾರಕ್ಕೊಮ್ಮೆ ಸ್ಟೆರಾಯ್ಡ್ ಮಾತ್ರೆ, ಮೂರು ವಾರ ನಿತ್ಯ ಒಂದು ಕ್ಯಾಪ್ಸೂಲ್, ನಾಲ್ಕನೆಯ ವಾರ ಕ್ಯಾಪ್ಸೂಲಿಗೆ ಬಿಡುವು. ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟದವರು ಅವರು. ವೈದ್ಯರು ಎಲ್ಲವನ್ನೂ ಹಗಲಿಗೆ ಹೊಂದಿಸಿಕೊಟ್ಟರು.

ತೊಡಕು ಬಂದದ್ದು ಕ್ಯಾಪ್ಸೂಲಿನಲ್ಲಿ. ಅದರ ಕವಚ ಜೆಲಟಿನ್‌ನದು. ಜೆಲಟಿನ್ ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದ ಬರುವುದು. ಕವಚವನ್ನು ಒಡೆದು ಒಳಗಿನ ಪುಡಿಯನ್ನಷ್ಟೇ ಸೇವಿಸುವಂತಿಲ್ಲ, ಆ ಔಷಧವನ್ನು ಹಾಗೆ ತೆರೆಯುವುದು ಅಪಾಯಕರ. ಐವತ್ತು ವರ್ಷ ವ್ರತವನ್ನು ಕಾಪಾಡಿಕೊಂಡು ಬಂದವರು ಆ ಡಬ್ಬಿಯನ್ನು ಮೇಜಿನ ಮೇಲಿಟ್ಟು ಹನ್ನೊಂದು ದಿನ ನೋಡುತ್ತಾ ಕುಳಿತರು. "ತಮ್ಮಾ, ಕರೆ ಮಾಡಿದವರು ಹೇಳೂದು ಖರೇ ಇರಬಹುದು. ಎಪ್ಪತ್ತರ ಹತ್ತಿರ ಬಂದೆ. ಮನೆಯವರಿಗೆ ಭಾರ ಯಾಕ?" ಎಂದರು. ಪಕ್ಕದಲ್ಲಿದ್ದ ಅಕ್ಕನವರು ಮಾತಾಡದೆ ಒಳಗೆ ಎದ್ದುಹೋದರು.

ಆಗ ನಾನು ಅವರದೇ ಕೈಬರಹದ ಆ ಹಳೆಯ ಕರಡನ್ನು ಹುಡುಕಿ ತಂದು ಅವರ ಮುಂದೆ ಇಟ್ಟೆ. ಅಂಚಿನಲ್ಲಿ ಕೆಂಪು ಶಾಯಿಯ "ನಿಷ್ಪ್ರತೀಕಾರ" ಮಾಸಿರಲಿಲ್ಲ. ಆ ಪದವನ್ನು ಬರೆದ ಸಮಂತಭದ್ರರ ಜೀವನಕಥೆಯನ್ನೂ ನೆನಪಿಸಿದೆ. ಅದನ್ನು ನನಗೆ ಹೇಳಿದವರು ಅವರೇ.

ದೇವಚಂದ್ರ ಕವಿಯ ರಾಜಾವಳೀಕಥೆಯಲ್ಲಿ ಆ ಕಥೆ ಬರುತ್ತದೆ. ಸಮಂತಭದ್ರ ಮುನಿಗಳಿಗೆ ಭಸ್ಮಕವೆಂಬ ವ್ಯಾಧಿ ತಗುಲಿತು. ಎಷ್ಟು ಉಂಡರೂ ಸುಟ್ಟು ಬೂದಿಯಾಗುವ ಹಸಿವು. ಮುನಿಯ ಮಿತಾಹಾರದಲ್ಲಿ ಅದಕ್ಕೆ ಶಮನವಿರಲಿಲ್ಲ. ಅವರು ಗುರುಗಳ ಬಳಿ ಹೋಗಿ ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರುಗಳು ಅನುಮತಿ ನೀಡಲಿಲ್ಲ. ನಿನ್ನಿಂದ ಧರ್ಮಕ್ಕೆ ಆಗಬೇಕಾದ ಕೆಲಸ ಬಹಳವಿದೆ. ಮುನಿವೇಷವನ್ನು ತಾತ್ಕಾಲಿಕವಾಗಿ ಬಿಟ್ಟು ರೋಗ ಶಮನವಾಗುವಷ್ಟು ಆಹಾರ ಸೇವಿಸು, ಗುಣವಾದ ಮೇಲೆ ಮತ್ತೆ ದೀಕ್ಷೆ ಪಡೆ ಎಂಬುದು ಅವರ ಆದೇಶದ ಸಾರ. ಶಿಷ್ಯನು ಹಾಗೆಯೇ ನಡೆದುಕೊಂಡನು. ದೀಕ್ಷೆಗಿಂತ ದೊಡ್ಡ ವ್ರತ ಯಾವುದಿದೆ? ಅದನ್ನೇ ಕೆಲಕಾಲ ಕೆಳಗಿಡಿಸಿ ಗುರುವು ಶಿಷ್ಯನನ್ನು ಉಳಿಸಿಕೊಂಡನು.

ಇದು ಬರಿಯ ಕಥೆಯೆಂದು ತಳ್ಳುವವರು ಶ್ರವಣಬೆಳಗೊಳದ ಚಂದ್ರಗಿರಿಗೆ ಹೋಗಿ ಮಲ್ಲಿಷೇಣ ಪ್ರಶಸ್ತಿಯ ಕಲ್ಲನ್ನು ನೋಡಲಿ. ಅದು ಶಕ ೧೦೫೦ರದು. ಸಲ್ಲೇಖನದಿಂದ ದೇಹತ್ಯಾಗ ಮಾಡಿದ ಮಲ್ಲಿಷೇಣ ಮಲಧಾರಿದೇವರ ಸ್ಮರಣೆಗಾಗಿ ನಿಲ್ಲಿಸಿದ ಕಂಬ. ಅದೇ ಶಾಸನ ಗುರುಪರಂಪರೆಯನ್ನು ಸ್ತುತಿಸುವಾಗ, ಭಸ್ಮಕವನ್ನೇ ಭಸ್ಮ ಮಾಡಿದ ಚತುರರೆಂದು ಸಮಂತಭದ್ರರನ್ನು ಕೊಂಡಾಡುತ್ತದೆ. ಪರಿಹಾರವಿಲ್ಲದಾಗ ಶಾಂತಚಿತ್ತದಿಂದ ದೇಹವನ್ನು ಬಿಟ್ಟವರನ್ನೂ, ಪರಿಹಾರವಿದ್ದಾಗ ರೋಗವನ್ನು ಗೆದ್ದು ಬದುಕಿದವರನ್ನೂ ನಮ್ಮ ಪೂರ್ವಜರು ಒಂದೇ ಕಲ್ಲಿನ ಮೇಲೆ ಗೌರವಿಸಿದ್ದಾರೆ. ಎರಡರ ನಡುವೆ ಅವರು ಗೊಂದಲ ಮಾಡಿಕೊಳ್ಳಲಿಲ್ಲ.

ನನ್ನ ಮಾತು ಮುಗಿದ ಮೇಲೆ ಮಿತ್ರರು ಬಹಳ ಹೊತ್ತು ಕರಡಿನ ಅಂಚನ್ನೇ ನೋಡಿದರು. ಮರುದಿನ ಬೆಳಿಗ್ಗೆ ಅಕ್ಕನವರ ಕೈಯಿಂದ ಮೊದಲ ಕ್ಯಾಪ್ಸೂಲನ್ನು ತೆಗೆದುಕೊಂಡರು. ಮುನಿಗಳ ಮುಂದೆ ಆಲೋಚನೆ ಮಾಡಿ ಪ್ರಾಯಶ್ಚಿತ್ತ ಕೇಳುವುದಾಗಿ ನಿಶ್ಚಯಿಸಿದ್ದಾರೆ. ಅಲ್ಲಿಯವರೆಗೆ ತಾವೇ ಒಂದು ಪ್ರಾಯಶ್ಚಿತ್ತವನ್ನು ವಿಧಿಸಿಕೊಂಡಿದ್ದಾರೆ: ನುಂಗಿದ ಪ್ರತಿಯೊಂದು ಕ್ಯಾಪ್ಸೂಲಿಗೆ ಒಂದು ಪುಟ ಕರಡು. ತಿಂಗಳಿಗೆ ಇಪ್ಪತ್ತೊಂದು ಪುಟ ತಪ್ಪದೆ ಬರುತ್ತಿದೆ. ಕೈ ನಡುಗುವುದರಿಂದ ಕೆಂಪು ಗೆರೆಗಳು ಮೊದಲಿನಷ್ಟು ನೇರವಾಗಿಲ್ಲ. ತಿದ್ದುಪಡಿಗಳು ಮೊದಲಿನಷ್ಟೇ ಸರಿಯಾಗಿವೆ.

ಅಕ್ಷರದ ವಿಷಯದಲ್ಲಿ ಅವರಿಗಿರುವ ಈ ನಿಷ್ಠುರತೆ ಎಲ್ಲಿಂದ ಬಂದಿತೆಂದು ನಾನು ಒಮ್ಮೆ ಕೇಳಿದ್ದೆ. ಅವರು ಷಟ್ಖಂಡಾಗಮದ ಉಗಮವನ್ನು ಹೇಳಿದರು. ವೀರಸೇನಾಚಾರ್ಯರ ಧವಲಾ ಟೀಕೆಯಲ್ಲಿ ಬರುವ ವೃತ್ತಾಂತವಿದು. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ತಮ್ಮ ನಂತರ ಶ್ರುತಜ್ಞಾನ ಅಳಿಯುವುದೆಂದು ಕಳವಳಗೊಂಡು ದಕ್ಷಿಣಾಪಥದ ಆಚಾರ್ಯರಿಗೆ ಪತ್ರ ಕಳುಹಿಸಿದರು. ಆ ಆಚಾರ್ಯರು ಇಬ್ಬರು ಸಾಧುಗಳನ್ನು ಕಳುಹಿಸಿದ್ದು ಆಂಧ್ರದೇಶದ ವೇಣ್ಣಾ ನದಿಯ ದಡದಿಂದ. ಹೌದು, ಈ ಆಂಧ್ರದಿಂದಲೇ. ಧರಸೇನರು ಇಬ್ಬರಿಗೂ ಒಂದೊಂದು ಮಂತ್ರವನ್ನು ಕೊಟ್ಟು ಪರೀಕ್ಷಿಸಿದರು. ಒಂದರಲ್ಲಿ ಅಕ್ಷರ ಹೆಚ್ಚಾಗಿತ್ತು, ಇನ್ನೊಂದರಲ್ಲಿ ಕಡಿಮೆಯಾಗಿತ್ತು. ಸಾಧನೆಯ ಕೊನೆಗೆ ಕಾಣಿಸಿಕೊಂಡ ದೇವತೆಗಳಲ್ಲಿ ಒಬ್ಬಳಿಗೆ ಹಲ್ಲು ಹೊರಚಾಚಿತ್ತು, ಇನ್ನೊಬ್ಬಳಿಗೆ ಒಂದೇ ಕಣ್ಣಿತ್ತು. ಸಾಧುಗಳು ದೋಷವನ್ನು ಅರಿತು ಹೆಚ್ಚಿದ್ದನ್ನು ಕಳೆದು, ಕೊರತೆಯನ್ನು ತುಂಬಿ ಮತ್ತೆ ಜಪಿಸಿದಾಗ ದೇವತೆಗಳು ಸಹಜರೂಪದಲ್ಲಿ ತೋರಿದರು. ಅನಂತರವೇ ಗುರು ಆಗಮವನ್ನು ಬೋಧಿಸಿದ್ದು. "ಕರಡು ತಿದ್ದುವವನ ಕೆಲಸ ಇದೇ ನೋಡಿ" ಎಂದು ಮಿತ್ರರು ನಕ್ಕಿದ್ದರು.

ಆ ಕಥೆಯ ಮುಂದಿನ ಭಾಗ ಈಗ ನನ್ನನ್ನು ಬಿಡದೆ ಕಾಡುತ್ತಿದೆ. ಆ ಸಾಧುಗಳೇ ಪುಷ್ಪದಂತ ಮತ್ತು ಭೂತಬಲಿ. ಗುರುವಿನಿಂದ ಬೀಳ್ಕೊಂಡ ನಂತರ ಪುಷ್ಪದಂತರು ವನವಾಸಿಗೆ, ಅಂದರೆ ನಮ್ಮ ಬನವಾಸಿಯ ನಾಡಿಗೆ ಬಂದರು. ಭೂತಬಲಿಗಳು ದ್ರಾವಿಡ ದೇಶಕ್ಕೆ ಹೋದರು. ಪುಷ್ಪದಂತರು ಸತ್ಪ್ರರೂಪಣೆಯ ೧೭೭ ಸೂತ್ರಗಳನ್ನು ರಚಿಸಿ, ತಮ್ಮ ಶಿಷ್ಯ ಜಿನಪಾಲಿತನಿಗೆ ಕಲಿಸಿ, ಅವನ ಮೂಲಕ ಅವುಗಳನ್ನು ಭೂತಬಲಿಗಳಿಗೆ ಕಳುಹಿಸಿದರು. ಗೆಳೆಯನ ಆಯುಷ್ಯ ಇನ್ನು ಅಲ್ಪವೆಂಬುದು ಭೂತಬಲಿಗಳಿಗೆ ಜಿನಪಾಲಿತನಿಂದ ತಿಳಿಯಿತು. ಮುಂದೇನು ಮಾಡಿದರು? ಗೆಳೆಯನು ನಿಲ್ಲಿಸಿದ ಸ್ಥಳದಿಂದ, ದ್ರವ್ಯಪ್ರಮಾಣದಿಂದ, ಬರವಣಿಗೆಯನ್ನು ಎತ್ತಿಕೊಂಡರು. ಉಳಿದ ಸೂತ್ರಗಳೆಲ್ಲವನ್ನೂ ಬರೆದು ಮುಗಿಸಿದರು. ಇಂದ್ರನಂದಿಯ ಶ್ರುತಾವತಾರವು ಇನ್ನೊಂದು ಸಂಗತಿಯನ್ನು ಸೇರಿಸುತ್ತದೆ: ಪೂರ್ಣಗೊಂಡ ಗ್ರಂಥವನ್ನು ಅದೇ ಜಿನಪಾಲಿತನ ಕೈಯಲ್ಲಿ ಪುಷ್ಪದಂತರಿಗೆ ಕಳುಹಿಸಿದರು, ತಾವು ಎಣಿಸಿದ ಕಾರ್ಯ ಪೂರ್ಣವಾದುದನ್ನು ಕಣ್ಣಾರೆ ಕಂಡು ಪುಷ್ಪದಂತರು ಆನಂದಪಟ್ಟರು. ಗ್ರಂಥವನ್ನು ಪೂಜಿಸಿದ ಜ್ಯೇಷ್ಠ ಶುಕ್ಲ ಪಂಚಮಿಯೇ ನಾವು ಆಚರಿಸುವ ಶ್ರುತಪಂಚಮಿ.

ಪ್ರತಿವರ್ಷ ಶ್ರುತಪಂಚಮಿಯಂದು ಶಾಸ್ತ್ರಗಳನ್ನು ಪೀಠದ ಮೇಲಿಟ್ಟು ಪೂಜಿಸುತ್ತೇವೆ. ಆಯುಷ್ಯ ಕುಗ್ಗುತ್ತಿದ್ದ ಗೆಳೆಯನಿಗೆ ಇನ್ನೊಬ್ಬ ಗೆಳೆಯನು ನೀಡಿದ ಕಾಣಿಕೆಯ ದಿನವೂ ಅದಾಗಿದೆಯೆಂಬುದನ್ನು ಮರೆತಿದ್ದೇವೆ. ಕೆಲಸವನ್ನು ಮುಗಿಸಿ, ಅವನು ಇರುವಾಗಲೇ, ಅವನಿಗೆ ತೋರಿಸುವುದು. ಮೆಚ್ಚುಗೆಗೆ ಇದಕ್ಕಿಂತ ಹಿರಿದಾದ ರೂಪ ನನಗೆ ಗೊತ್ತಿಲ್ಲ.

ಅದೇ ಗ್ರಂಥವನ್ನು ಆಧುನಿಕ ಕಾಲದಲ್ಲಿ ಬೆಳಕಿಗೆ ತಂದವರೂ ದೂರದೂರದಲ್ಲಿದ್ದ ಗೆಳೆಯರೇ. ಅಮರಾವತಿಯಲ್ಲಿ ಅಧ್ಯಾಪಕರಾಗಿದ್ದ ಡಾ. ಹೀರಾಲಾಲ್ ಜೈನ್ ಅವರು ಧವಲಾ ಸಹಿತ ಷಟ್ಖಂಡಾಗಮದ ಮೊದಲ ಸಂಪುಟವನ್ನು ೧೯೩೯ರಲ್ಲಿ ಹೊರತಂದರು. ಒಟ್ಟು ಹದಿನಾರು ಸಂಪುಟಗಳು ಮುಗಿಯಲು ಎರಡು ದಶಕಗಳೇ ಹಿಡಿದವು. ಅವರೊಡನೆ ದುಡಿದವರಲ್ಲಿ ಸದಲಗಾದಲ್ಲಿ ಹುಟ್ಟಿ ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನಮ್ಮ ಡಾ. ಆ. ನೇ. ಉಪಾಧ್ಯೆ ಪ್ರಮುಖರು, ೧೯೬೭ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು. ಮೂಲ ತಾಳೆಗರಿಗಳು ಮೂಡುಬಿದಿರೆಯಲ್ಲಿ ಹಳಗನ್ನಡ ಲಿಪಿಯಲ್ಲಿದ್ದವು. ಮೊದಲ ಸಂಪುಟದ ೯೩ನೆಯ ಸೂತ್ರದಲ್ಲಿ "ಸಂಜದ" ಎಂಬ ಪದ ಅವರ ಕೈಯಲ್ಲಿದ್ದ ನಕಲುಗಳಲ್ಲಿ ಬಿಟ್ಟುಹೋಗಿತ್ತು. ಅರ್ಥದ ದೃಷ್ಟಿಯಿಂದ ಅದು ಇರಲೇಬೇಕೆಂದು ಸಂಪಾದಕರು ಸೂಚಿಸಿದರು. ಆ ಪದವನ್ನು ಒಪ್ಪಿದರೆ ಸ್ತ್ರೀಯರ ಆಧ್ಯಾತ್ಮಿಕ ಯೋಗ್ಯತೆಯ ಕುರಿತ ರೂಢಿಯ ನಿಲುವಿಗೆ ಬಾಧೆಯಾದೀತೆಂದು ಅಂಜಿದವರು ದೊಡ್ಡ ವಿವಾದವನ್ನೆಬ್ಬಿಸಿದರು. ಮುಂದೆ ಮೂಡುಬಿದಿರೆಯ ತಾಳೆಗರಿಯನ್ನು ತೆರೆದು ನೋಡಿದಾಗ ಪದ ಅಲ್ಲಿಯೇ ಇತ್ತು. ೧೯೭೩ರಲ್ಲಿ ಹೀರಾಲಾಲರು ತೀರಿಕೊಂಡ ಮೇಲೆ, ಇಬ್ಬರೂ ಸೇರಿ ನಡೆಸುತ್ತಿದ್ದ ಗ್ರಂಥಮಾಲೆಗಳ ಹೊರೆಯನ್ನು ಉಪಾಧ್ಯೆಯವರು ೧೯೭೫ರಲ್ಲಿ ತಾವು ನಿಧನರಾಗುವವರೆಗೆ ಹೊತ್ತರು. ನಮ್ಮ ಮಿತ್ರರು ನಡೆದಿರುವುದು ಇದೇ ಹಾದಿಯಲ್ಲಿ. ಬಿಟ್ಟುಹೋದ ಪದವನ್ನು ಸೇರಿಸುವುದು, ಅದರಿಂದ ಯಾರಿಗೆ ಸಿಟ್ಟು ಬಂದರೂ ಸರಿ, ನಮಗೇ ಬಂದರೂ ಸರಿ.

ಇನ್ನು ಬಂಧುಗಳಲ್ಲಿ ಕೆಲವು ಬಿನ್ನಹಗಳು.

ಮೊದಲನೆಯದಾಗಿ, ರೋಗಿಯ ಮನೆಗೆ ಕರೆ ಮಾಡುವಾಗ ಕರ್ಮಸಿದ್ಧಾಂತವನ್ನು ಬೋಧಿಸಬೇಡಿ. ಕರ್ಮದ ಲೆಕ್ಕ ಅವರವರ ಆತ್ಮಚಿಂತನೆಗೆ ಸೇರಿದ್ದು. ಇನ್ನೊಬ್ಬರ ನೋವಿನ ಮೇಲೆ ತೀರ್ಪು ಕೊಡಲು ಅದನ್ನು ಬಳಸುವುದು ಹಿಂಸೆ. ಸಲ್ಲೇಖನದ ಪ್ರಸ್ತಾಪವನ್ನು ಹೊರಗಿನವರು ಎತ್ತಲೇಬಾರದು. ಅದು ಗುರುವಿನ ಸಮ್ಮುಖದಲ್ಲಿ, ಪರಿಹಾರದ ದಾರಿಗಳೆಲ್ಲ ಮುಗಿದ ಮೇಲೆ, ಸ್ವಂತ ವಿವೇಕದಿಂದ ಕೈಗೊಳ್ಳುವ ವ್ರತ. ಬಂಧುಗಳ ಒತ್ತಾಯದಿಂದ, ಖರ್ಚಿನ ಭಯದಿಂದ, ಭಾರವಾಗುವ ಸಂಕೋಚದಿಂದ ಹುಟ್ಟಿದ ಉಪವಾಸಕ್ಕೆ ಆ ಹೆಸರು ಸಲ್ಲದು. ನ್ಯಾಯಾಲಯದ ಮುಂದೆ ನಮ್ಮ ಪರಂಪರೆಯನ್ನು ಸಮರ್ಥಿಸಿಕೊಳ್ಳುವ ನಾವು ಈ ಗೆರೆಯನ್ನು ನಮ್ಮ ಮನೆಗಳೊಳಗೆ ಮೊದಲು ಕಾಪಾಡಬೇಕು.

ಎರಡನೆಯದಾಗಿ, ವೈಯಾವೃತ್ಯವನ್ನು ನೆನೆಯೋಣ. ತತ್ತ್ವಾರ್ಥಸೂತ್ರವು ಆರು ಅಭ್ಯಂತರ ತಪಸ್ಸು­ಗಳಲ್ಲಿ ಅದನ್ನು ಎಣಿಸುತ್ತದೆ. ಸೇವೆಗೆ ಅರ್ಹರಾದ ಹತ್ತು ಬಗೆಯವರಲ್ಲಿ ರೋಗಿಯೂ ಒಬ್ಬನು. ಆಹಾರ, ಅಭಯ, ಶಾಸ್ತ್ರಗಳ ಸಾಲಿನಲ್ಲಿ ಔಷಧವನ್ನೂ ದಾನವೆಂದು ನಮ್ಮ ನಾಡಿನ ಎಷ್ಟೋ ಶಾಸನಗಳು ಕೊಂಡಾಡಿವೆ. ಪಂಚಕಲ್ಯಾಣದ ಹರಾಜಿನಲ್ಲಿ ಲಕ್ಷಗಳನ್ನು ಕೂಗುವ ನಾವು ಪ್ರತಿ ಊರಿನ ಸಂಘದಲ್ಲಿ ಒಂದು ಔಷಧದಾನ ನಿಧಿಯನ್ನು ಇಡಲಾರೆವೇ? ನಮ್ಮ ಮಿತ್ರರು ತಮಗಾಗಿ ಹಣ ಬೇಡವೆಂದಿದ್ದಾರೆ, ಪಿಂಚಣಿದಾರರಿಗೆ ರೈಲ್ವೆಯ ವೈದ್ಯಕೀಯ ಸೌಲಭ್ಯವಿದೆ. ಅದಿಲ್ಲದ ಅಂಗಡಿ ಗುಮಾಸ್ತರು, ಅಡುಗೆಯವರು, ಬಸದಿಯ ಉಪಾಧ್ಯಾಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಮೂರನೆಯದಾಗಿ, ನೋವನ್ನು ಸಹಿಸುವುದೇ ಧರ್ಮವೆಂದು ರೋಗಿಗೆ ಉಪದೇಶಿಸಬೇಡಿ. ಎಲುಬಿನ ಕ್ಯಾನ್ಸರಿನ ನೋವು ನಿದ್ದೆಯನ್ನೂ ಸ್ವಾಧ್ಯಾಯವನ್ನೂ ಕಸಿಯುತ್ತದೆ. ಮಾರ್ಫಿನ್‌ನಂಥ ಔಷಧಗಳು ವೈದ್ಯಕೀಯ ಬಳಕೆಗೆ ಸುಲಭವಾಗಿ ದೊರೆಯಲೆಂದೇ ೨೦೧೪ರಲ್ಲಿ ಕೇಂದ್ರದ ಕಾನೂನಿಗೆ ತಿದ್ದುಪಡಿಯಾಯಿತು. ಉಪಶಾಮಕ ಆರೈಕೆ ಎಲ್ಲಿ ದೊರೆಯುವುದೆಂದು ವೈದ್ಯರನ್ನು ಮೊದಲ ದಿನವೇ ಕೇಳಿ. ಯಂತ್ರಗಳ ನಡುವೆ ವ್ಯರ್ಥವಾಗಿ ಆಯುಷ್ಯವನ್ನು ಎಳೆಯಬೇಡಿ ಎನ್ನುವವರಿಗೂ ದಾರಿಯಿದೆ. ೨೦೧೮ರ ಮಾರ್ಚ್ ೯ರಂದು ಸರ್ವೋಚ್ಚ ನ್ಯಾಯಾಲಯ ಮುಂಗಡ ವೈದ್ಯಕೀಯ ನಿರ್ದೇಶನವನ್ನು ಮಾನ್ಯ ಮಾಡಿತು. ೨೦೨೩ರ ಜನವರಿಯಲ್ಲಿ ಅದರ ವಿಧಿಯನ್ನು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಪಡೆದರೆ ಸಾಕು. ಆರೋಗ್ಯವಾಗಿರುವಾಗಲೇ ಮನೆಯವರೊಡನೆ ಕುಳಿತು ಇದನ್ನು ಮಾತನಾಡಿ. ಮಿತ್ರರು ತಮ್ಮದನ್ನು ಕಳೆದ ತಿಂಗಳು ಬರೆದಿಟ್ಟರು. ವಾಡಿಕೆಯಂತೆ ನೋಟರಿಯ ಕರಡಿನಲ್ಲಿ ಮೂರು ತಪ್ಪು ಹುಡುಕಿದರು.

ನಾಲ್ಕನೆಯದಾಗಿ, ಆರೈಕೆ ಮಾಡುವವರನ್ನು ನೋಡಿ. ಸೂರ್ಯಾರಾವ್‌ಪೇಟೆಯ ಆಸ್ಪತ್ರೆಯ ಬೆಂಚಿನ ಮೇಲೆ ವಾರವಾರ ಕಡತ ಹಿಡಿದು ಕುಳಿತುಕೊಳ್ಳುವವರು ಅಕ್ಕನವರು. ಎಲ್ಲ ಕರೆಗಳೂ "ಅವರು ಹೇಗಿದ್ದಾರೆ?" ಎಂದು ಕೇಳುತ್ತವೆ. "ನೀವು ಉಂಡಿರಾ?" ಎಂದು ಕೇಳಿದವರು ಇದುವರೆಗೆ ಇಬ್ಬರೇ ಎಂದು ಅವರು ಒಮ್ಮೆ ನಗುತ್ತಾ ಹೇಳಿದರು. ನಾನು ಆ ಇಬ್ಬರಲ್ಲಿ ಇರಲಿಲ್ಲ. ಈ ಸಾಲನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಕೊನೆಯದು ಆ ಒಂಬತ್ತು ನೋಟುಪುಸ್ತಕಗಳ ವಿಷಯ. ಅವುಗಳನ್ನು ಟಂಕಿಸಬೇಕು, ಶಾಸನಪಾಠಗಳೊಡನೆ ಹೋಲಿಸಬೇಕು, ಉಳಿದ ಸ್ಥಳಗಳ ಕುರಿತು ಬರೆಯಬೇಕು. ಮಿತ್ರರಿಂದ ದಿನಕ್ಕೆ ಒಂದು ಪುಟಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಹಳಗನ್ನಡ ಓದಬಲ್ಲವರು, ಟಂಕಿಸಬಲ್ಲವರು, ತೆಲುಗು ಬಲ್ಲ ನಮ್ಮ ಎರಡನೆಯ ತಲೆಮಾರಿನ ತರುಣ ತರುಣಿಯರು ಮುಂದೆ ಬಂದರೆ ತಲಾ ಒಂದೊಂದು ಪುಸ್ತಕವನ್ನು ಹಂಚಿಕೊಳ್ಳಬಹುದು. ಬರುವ ಶ್ರುತಪಂಚಮಿಯೊಳಗೆ ಗ್ರಂಥವನ್ನು ಸಿದ್ಧಪಡಿಸಿ ಅವರ ಕೈಯಲ್ಲಿಡಬೇಕೆಂಬುದು ನನ್ನ ಆಸೆ. ಒಂದು ಎಚ್ಚರಿಕೆ: ನಿಮ್ಮ ಪುಟಗಳು ಕೆಂಪು ಶಾಯಿಯೊಡನೆ ಹಿಂತಿರುಗುತ್ತವೆ. ಬೇಸರಿಸಬೇಡಿ.

ಈ ಸಂಪಾದಕೀಯವೂ ಹಾಗೆಯೇ ಹಿಂತಿರುಗಿ ಬಂದಿತು. ಅವರ ಸಹನೆ, ಪಾಂಡಿತ್ಯ, ಧೈರ್ಯಗಳಿಗೆ ನಾನು ಜೋಡಿಸಿದ್ದ ವಿಶೇಷಣಗಳನ್ನೆಲ್ಲ ಹೊಡೆದುಹಾಕಿದ್ದಾರೆ. ಆದ್ದರಿಂದ ಅವು ನಿಮಗೆ ಇಲ್ಲಿ ಕಾಣಲಿಲ್ಲ. ಒಂದು ಕಡೆ ಮಾತ್ರ ಸೇರಿಸಿದ್ದಾರೆ. ಮುನ್ನಿನ ಪರಿಚ್ಛೇದದಲ್ಲಿ ನಾನು "ತರುಣರು" ಎಂದಷ್ಟೇ ಬರೆದಿದ್ದೆ. "ತರುಣಿಯರು" ಎಂಬುದು ಅವರ ಕೈಯದು.

ಜಯ ಜಿನೇಂದ್ರ.